ಶಿವಗಂಗೆಯ ಮೇಲಿನಿಂದ ಕಂಡ ಬಂಡಾಯಗಳು

ಶಿವಗಂಗೆ ಬೆಟ್ಟವನ್ನು ನಾವು ಎಷ್ಟು ಸಲ ಹತ್ತಿದ್ದೇವೆಯೋ ಲೆಕ್ಕವಿಲ್ಲ. ನಮ್ಮ ಮನೆಯ ಹಿರಿಯರು ಅಲ್ಲಿನ ಜಾತ್ರೆಯಲ್ಲಿ ಬಳೆ ಅಂಗಡಿ ಹಾಕುತ್ತಿದ್ದವರು. ಗಂಗಾಧರೇಶ್ವರನಿಗೆ ಸವರಿದ ತುಪ್ಪ ಬೆಣ್ಣೆಯಾಗುವ ಕತೆಯನ್ನು ಉರ್ದು ಶಾಲೆಗೆ ಹೋಗುತ್ತಿದ್ದ ನಮಗೆ ಮೊದಲು ಹೇಳಿದವರು ಅವರೇ. ಕಳೆದ ಸಲ ಹತ್ತುವಾಗ ಕಾಲೇಜು ಓದುವ ಇಬ್ಬರು ಹುಡುಗರು ಜೊತೆಗಿದ್ದರು. ಒಳಕಲ್ಲು ತೀರ್ಥದ ಹತ್ತಿರ ದಣಿವಾರಿಸಿಕೊಳ್ಳಲು ಕೂತಾಗ ಕೆಳಗೆ ಹೆದ್ದಾರಿಯ ಮಗ್ಗುಲಲ್ಲಿ ಹರಡಿದ್ದ ಊರನ್ನು ತೋರಿಸಿ ಒಬ್ಬ ಕೇಳಿದ: 'ಮಾಮೂ, ದಾಬಸ್‌ಪೇಟೆಗೆ ಆ ಹೆಸರು ಬಂದಿದ್ದು ಢಾಬಾಗಳಿಂದಾನಾ?'

ನಕ್ಕುಬಿಟ್ಟೆವು. ಆದರೆ ತಪ್ಪು ಅವನದಲ್ಲ. ಬೆಂಗಳೂರು-ತುಮಕೂರು ರಸ್ತೆಯಲ್ಲಿ ದಿನವೂ ಓಡಾಡುವ ಸಾವಿರಾರು ಜನರಿಗೆ ಆ ಹೆಸರಿನ ಹಿಂದೆ ರಿಚರ್ಡ್ ಸ್ಟೀವರ್ಟ್ ಡಾಬ್ಸ್ ಎಂಬ ಇಂಗ್ಲಿಷ್ ಅಧಿಕಾರಿಯಿದ್ದಾನೆಂದು ಗೊತ್ತಿಲ್ಲ. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ, 1830ರ ದಶಕದ ಮಧ್ಯದಿಂದ 1861ರವರೆಗೆ, ಚಿತ್ರದುರ್ಗ-ತುಮಕೂರು ಭಾಗದ ಆಡಳಿತ ಈತನ ಕೈಲಿತ್ತು. ಗೊತ್ತಿದ್ದವರೂ 'ಒಳ್ಳೇ ಸಾಹೇಬ, ರಸ್ತೆ ಮಾಡಿಸಿದ, ಪೇಟೆ ಕಟ್ಟಿಸಿದ' ಎಂದಷ್ಟೇ ಹೇಳುತ್ತಾರೆ. ಡಾಬ್ಸ್ ಇಲ್ಲಿಗೆ ಬಂದದ್ದಾದರೂ ಯಾಕೆ? ಕಬ್ಬನ್ ಯಾಕೆ ಬಂದ? ಮಹಾರಾಜರಿದ್ದ ಮೈಸೂರನ್ನು ಇಂಗ್ಲಿಷರು ಐವತ್ತು ವರ್ಷ ಆಳಿದ್ದು ಹೇಗೆ? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ಮಲೆನಾಡಿನ ರೈತರು ಎದ್ದ ಒಂದು ದಂಗೆಗೆ ಹೋಗಿ ಮುಟ್ಟುತ್ತೇವೆ.

ಅದು 1830-31ರ ನಗರ ದಂಗೆ. ಟಿಪ್ಪು ಮಡಿದ ಮೇಲೆ, 1799ರ ಒಪ್ಪಂದದಂತೆ, ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪನಿಗೆ ಕೊಡಬೇಕಾಗಿತ್ತು. ಅರಮನೆಯ ಖರ್ಚು ಬೇರೆ. ಇಷ್ಟೆಲ್ಲ ಹಣ ಹುಟ್ಟಬೇಕಾದ್ದು ಹೊಲಗದ್ದೆಗಳಲ್ಲಿ. ಅದಕ್ಕೆ ಬಂದದ್ದು 'ಶರತ್ತು' ಪದ್ಧತಿ. ಇಂತಿಷ್ಟು ಹಣ ಸರ್ಕಾರಕ್ಕೆ ಸಲ್ಲಿಸುತ್ತೇನೆಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡುವುದು. ಕಡಿಮೆ ಬಿದ್ದರೆ ತಾನೇ ತುಂಬುವುದು. ತನ್ನ ಗಂಟಿನಿಂದ ತುಂಬುವ ಅಮಲ್ದಾರನನ್ನು ಯಾವ ಕಾಲದಲ್ಲಿ ಯಾರು ಕಂಡಿದ್ದಾರೆ? ನಗರ ಸೀಮೆಯಲ್ಲಿ ಇದರ ಜೊತೆಗೆ, ಒಬ್ಬ ಫೌಜ್‌ದಾರ ಮಾಫಿ ಮಾಡಿದ್ದ ಬಾಕಿಯ ಕಡತವನ್ನು ಮುಂದೆ ಬಂದವನು ಮತ್ತೆ ಬಿಚ್ಚಿಸಿದ. ತೀರಿತೆಂದುಕೊಂಡಿದ್ದ ಸಾಲ ಮತ್ತೆ ಮನೆ ಬಾಗಿಲಿಗೆ ಬಂದು ನಿಂತಿತು.

ಉರ್ದು, ಕನ್ನಡ ಎರಡರಲ್ಲೂ ಅಕ್ಷರ ಕಲಿತ ನಮಗೆ ಇಲ್ಲೊಂದು ಕುತೂಹಲ. ರೈತ, ಜಮೀನು, ಬಾಕಿ, ವಸೂಲಿ, ಜಪ್ತಿ, ಮಾಫಿ, ಅರ್ಜಿ, ಶರತ್ತು, ಅಮಲ್ದಾರ: ಕನ್ನಡದ ರೈತ ತನ್ನ ಕಷ್ಟ ಹೇಳಿಕೊಳ್ಳಲು ಬಳಸುವ ಈ ಮಾತುಗಳೆಲ್ಲ ಅರಬ್ಬಿ, ಪಾರಸಿಗಳಿಂದ ಬಂದವು. ಯಾವ ಭಾಷೆಯಲ್ಲಿ ದಫ್ತರ ಬರೆದರೋ ಆ ಭಾಷೆಯಲ್ಲೇ ರೈತ ಅಳಬೇಕಾಯಿತು. ಆದರೆ ನಗರದ ರೈತರು ಕಂದಾಯ ಕೊಡುವುದಿಲ್ಲವೆಂದು ಊರೂರಲ್ಲಿ ನೆರೆದಾಗ ಆ ನೆರವಿಗೆ ಇಟ್ಟುಕೊಂಡ ಹೆಸರು 'ಕೂಟ'. ಅದು ಅಪ್ಪಟ ಕನ್ನಡದ್ದು.

1830ರ ಆಗಸ್ಟ್ ಹೊತ್ತಿಗೆ ಶುರುವಾದ ಈ ಕೂಟಗಳು ಕೋವಿ ಹಿಡಿದು ಹುಟ್ಟಿದವಲ್ಲ. ಅವರು ಮೊದಲು ಮಾಡಿದ್ದು ಅರ್ಜಿ ಬರೆಯುವುದು, ಕಂದಾಯ ತಡೆಹಿಡಿಯುವುದು. ತಾನು ಕೆಳದಿ ಅರಸರ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸಪ್ಪ ನಾಯಕನಾಗಿ ಬಂದದ್ದು, ತರೀಕೆರೆ ಪಾಳೇಗಾರರು ಸೇರಿಕೊಂಡದ್ದು ಆ ಕಿಚ್ಚಿನ ಜೊತೆಗೇ. ಅವನು ನಿಜವಾದ ವಾರಸುದಾರನಲ್ಲ ಎಂದು ರುಜುವಾತು ಮಾಡಲು ಆಗಿನ ಅಧಿಕಾರಿಗಳು ಬಹಳ ಶಾಯಿ ಖರ್ಚು ಮಾಡಿದರು. ಹಸಿದ ರೈತರಿಗೆ ಅದು ದೊಡ್ಡ ವಿಷಯವಾಗಿತ್ತೆಂದು ನಮಗೆ ಅನ್ನಿಸುವುದಿಲ್ಲ. ನ್ಯಾಯ ಕೇಳಲು ಬಾಗಿಲೇ ಇಲ್ಲದಾಗ ಜನ ಯಾರದೋ ಮುದ್ರೆಯುಂಗುರ ಹಿಡಿದಾದರೂ ಬಾಗಿಲು ಬಡಿಯುತ್ತಾರೆ.

ಅರಮನೆ ಸೈನ್ಯ ಕಳಿಸಿತು. ಅದು ಸಾಲದೆ ಕಂಪನಿಯ ಪಡೆ ಬಂತು. ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡ. ಅದು ಮೈಸೂರು ಅರಸರಿಗೆ ಮರಳಿ ಸಿಕ್ಕಿದ್ದು 1881ರಲ್ಲಿ. ದಂಗೆಗೆ ಕಾರಣವೇನೆಂದು ವಿಚಾರಿಸಲು ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿ ನೇಮಕವಾಯಿತು. ವರದಿ ಬಂದದ್ದು 1833ರಲ್ಲಿ. ಮೊದಲು ನೇಣು, ಆಮೇಲೆ ಅಧಿಕಾರ ಬದಲು, ಕೊನೆಗೆ ವಿಚಾರಣೆ. ಓದುಗರು ಈ ಅನುಕ್ರಮವನ್ನು ನೆನಪಿನಲ್ಲಿಡಬೇಕು.

ಕಬ್ಬನ್‌ನ ಆಡಳಿತ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ರದ್ದು ಮಾಡಿತೆಂದು ಗೆಜೆಟಿಯರ್ ಹೇಳುತ್ತದೆ. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಚೌಲ ಮಾಡಿಸಿದರೆ ತೆರಿಗೆ! ಇವೆಲ್ಲ ಹೋದವು. ರಸ್ತೆಗಳು ಬಂದವು. ಈ ಪೇಟೆಯೂ ಬಂತು. ಆದರೆ ಆ ತೆರಿಗೆಗಳು ಕಬ್ಬನ್‌ನ ಕರುಣೆಯಿಂದ ಹೋದವೆಂದು ಪಠ್ಯಪುಸ್ತಕದಲ್ಲಿ ಓದುವ ನಮ್ಮ ಹುಡುಗರಿಗೆ, ಅದಕ್ಕೆ ಮೊದಲು ಕುತ್ತಿಗೆ ಕೊಟ್ಟ ಮಲೆನಾಡಿನ ರೈತರ ಸುಳಿವೇ ಸಿಗುವುದಿಲ್ಲ. ರಾಜ್ಯದ ಬೊಕ್ಕಸ ಬರಿದಾಗಲು ಅರಸರ ದುಂದಿನಷ್ಟೇ ಕಂಪನಿಯ ಕಪ್ಪವೂ ಕಾರಣವೆಂಬುದಂತೂ ದೂರ ಉಳಿಯಿತು.

ಇದೇ ಮಲೆನಾಡಿನ ಸಾಗರ ತಾಲೂಕಿನಲ್ಲಿ 1951ರ ಏಪ್ರಿಲ್‌ನಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ಜಗಳ ಕೊಳಗದ್ದು. ಗೇಣಿ ಭತ್ತ ಅಳೆಯುವಾಗ ಧಣಿಗಳು ದೊಡ್ಡ ಕೊಳಗ ಬಳಸುತ್ತಾರೆ, ಸರಿಯಾದ ಅಳತೆಯ ಕೊಳಗ ಬರಲಿ ಎಂದು ದೀವರ ಗೇಣಿದಾರರು ಕೇಳಿದರು. ಹೆಚ್. ಗಣಪತಿಯಪ್ಪನವರ ಸಂಘಟನೆ, ಸಮಾಜವಾದಿಗಳ ಬೆಂಬಲ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಯಾರೂ ಕೋವಿ ಹಿಡಿಯಲಿಲ್ಲ. ಅದೇ ತಿಂಗಳು ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾ ಅವರಿಗೆ ಮೊದಲ ಭೂದಾನ ಸಿಕ್ಕಿತು. ಅಲ್ಲಿ 1946ರಿಂದ ರೈತರು ಜಮೀನ್ದಾರರ ವಿರುದ್ಧ ಶಸ್ತ್ರ ಹಿಡಿದಿದ್ದರು. ನಿಜಾಮನ ಸಂಸ್ಥಾನ ಎಂದೊಡನೆ ರಜಾಕಾರರ ಹೆಸರು ಎತ್ತುವವರು, ಅದೇ ರೈತರ ಪರವಾಗಿ ನಿಂತು ಭೂಗತನಾದ ಉರ್ದು ಕವಿ ಮಖ್ದೂಮ್ ಮೊಹಿಯುದ್ದೀನನ ಹೆಸರನ್ನೂ ಎತ್ತಿದರೆ ಚೆನ್ನಾಗಿತ್ತು.

ಕಾಗೋಡಿನವರು ಕೇಳಿದ್ದು ಪೂರ್ತಿಯಾಗಿ ಕಾನೂನಾದದ್ದು 23 ವರ್ಷಗಳ ಮೇಲೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಮಾಡಿತು. ದೇವರಾಜ ಅರಸರ ಭೂನ್ಯಾಯ ಮಂಡಳಿಗಳ ಮುಂದೆ ಉಳುವವರು ಅರ್ಜಿ ಹಿಡಿದು ನಿಂತರು. ಆಗಲೇ 1967ರ ಮೇ 25ರಂದು ಬಂಗಾಳದ ನಕ್ಸಲ್‌ಬಾರಿಯಲ್ಲಿ ಪೊಲೀಸರ ಗುಂಡಿಗೆ ಹೆಂಗಸರು ಮಕ್ಕಳೂ ಸೇರಿ 11 ಜನ ಸತ್ತಿದ್ದರು. ಆ ಊರಿನ ಹೆಸರು ದೇಶದುದ್ದಕ್ಕೂ ಹಬ್ಬಿತ್ತು. ಕರ್ನಾಟಕದ ಹಳ್ಳಿಗಳಲ್ಲಿ ಆ ಕಿಡಿ ಹೆಚ್ಚು ಹತ್ತದಿರಲು ಅರಸರ ಕಾನೂನು ಬಹುಮಟ್ಟಿಗೆ ಕಾರಣವೆಂಬುದು ನಮ್ಮ ತಿಳುವಳಿಕೆ. ಗೇಣಿಯ ಚೀಟಿಯೂ ಇಲ್ಲದ, ಕಾಡನ್ನೇ ನಂಬಿದ ಮಲೆಕುಡಿಯರಿಗೆ, ಗೌಡ್ಲುಗಳಿಗೆ ಮಾತ್ರ ಆ ಕಾನೂನು ಕೊಟ್ಟದ್ದು ಕಡಿಮೆ. ಮೂವತ್ತು ವರ್ಷಗಳ ಮೇಲೆ ಕಿಚ್ಚು ಕಾಣಿಸಿಕೊಂಡದ್ದೂ ಅಲ್ಲಿಯೇ.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ 1987ರದ್ದು. ಅಂತಿಮ ಅಧಿಸೂಚನೆ ಬಂದದ್ದು 2001ರಲ್ಲಿ. ಸುಮಾರು 600 ಚದರ ಕಿಲೋಮೀಟರ್ ಕಾಡು. ತಲೆಮಾರುಗಳಿಂದ ಜೇನು, ಸೀಗೆಕಾಯಿ, ರಾಮಪತ್ರೆ ಆಯ್ದುಕೊಂಡಿದ್ದವರು ರಾತ್ರೋರಾತ್ರಿ ಒತ್ತುವರಿದಾರರಾದರು. ಅದೇ ಬೆಟ್ಟದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಂತೆ ನಿಂತದ್ದು 2005ರ ಕೊನೆಗೆ. ಗುಡ್ಡ ಅಗೆಯುವ ಯಂತ್ರ ಇರಬಹುದು, ಸೀಗೆಕಾಯಿ ಕೀಳುವ ಕೈ ಇರಬಾರದು ಎಂಬುದು ಆ ನಡುವಿನ ವರ್ಷಗಳ ನ್ಯಾಯ. ಎತ್ತಂಗಡಿ ವಿರುದ್ಧ ಬಹಿರಂಗ ಚಳವಳಿಗಳು ನಡೆದವು. ಅವುಗಳ ಬೆನ್ನಿಗೇ ಕೋವಿಯವರು ಬಂದರು.

2003ರ ನವೆಂಬರ್ 17ರಂದು ಕಾರ್ಕಳ ತಾಲೂಕಿನ ಈದುವಿನಲ್ಲಿ ಹಾಜಿಮಾ, ಪಾರ್ವತಿ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2004ರಲ್ಲಿ ಕಾಡಿಗೆ ಹೋಗಿ ಸಾಕೇತ್ ರಾಜನ್ ಅವರನ್ನು ಕಂಡುಬಂದವರಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಒಬ್ಬರು. 'ಸಾಕಿ' ಎಂಬ ಹೆಸರಿನಲ್ಲಿ ಕರ್ನಾಟಕದ ಜನರ ಚರಿತ್ರೆಯನ್ನು 'ಮೇಕಿಂಗ್ ಹಿಸ್ಟರಿ' ಎಂದು ಎರಡು ಸಂಪುಟಗಳಲ್ಲಿ ಬರೆದವರು ಈ ಸಾಕೇತ್. ನಗರದ ರೈತರ ದಂಗೆಯನ್ನು ಬಹಳ ಒಲವಿನಿಂದ ಓದಿದ್ದ ಮನುಷ್ಯ, ಅದೇ ಮಲೆನಾಡಿನಲ್ಲಿ 2005ರ ಫೆಬ್ರವರಿ 6ರಂದು ಪೊಲೀಸರ ಗುಂಡಿಗೆ ಸತ್ತರು. ಮಾತುಕತೆ ಆಗಲಿ ಎಂದು ನಾಡಿನ ಕೆಲವರು ಸರ್ಕಾರವನ್ನು ಕೇಳುತ್ತಿದ್ದ ಹೊತ್ತು ಅದು.

ನಾಲ್ಕೇ ದಿನ. ಫೆಬ್ರವರಿ 10ರ ರಾತ್ರಿ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರು ತಂಗಿದ್ದ ಶಾಲೆಗೆ ನಕ್ಸಲರು ನುಗ್ಗಿದರು. ಪೊಲೀಸರೂ, ಅವರ ಜೊತೆ ಬಸ್ಸಿನ ಕ್ಲೀನರ್ ಹುಡುಗನೂ ಸತ್ತರು. ಪಾವಗಡ ನಮಗೆ ದೂರದ ಊರಲ್ಲ. ದಾಬಸ್‌ಪೇಟೆಯಿಂದ ಕೊರಟಗೆರೆ, ಮಧುಗಿರಿ ದಾಟಿದರೆ ಸಿಗುತ್ತದೆ. ಆ ವಾರ ನಮ್ಮ ಹೋಟೆಲುಗಳಲ್ಲೆಲ್ಲ ಅದೇ ಮಾತು. 'ಸತ್ತ ಪೊಲೀಸಪ್ಪನೂ ಎರಡೆಕರೆ ಒಣ ಜಮೀನಿನವನ ಮಗನೇ ಅಲ್ವಾ' ಎಂದು ಒಬ್ಬರು ಹಿರಿಯರು ಹೇಳಿದ್ದು ನಮ್ಮ ಕಿವಿಯಲ್ಲಿ ಉಳಿದಿದೆ. ಬಡವನ ಹೆಸರಿನಲ್ಲಿ ಬಡವನ ಮಗನನ್ನು ಮಲಗಿದ ಕಡೆ ಕೊಲ್ಲುವುದಕ್ಕೆ ಯಾವ ಸಿದ್ಧಾಂತದಲ್ಲೂ ಸಮರ್ಥನೆ ಕಾಣದು. 2008ರ ಮೇ ತಿಂಗಳಲ್ಲಿ ಸೀತಾನದಿಯಲ್ಲಿ ಮಾಹಿತಿದಾರನೆಂಬ ಗುಮಾನಿಯ ಮೇಲೆ ಒಬ್ಬ ಶಾಲಾ ಮಾಸ್ತರರನ್ನು ಕೊಂದದ್ದಕ್ಕೂ ಇದೇ ಮಾತು.

ಸರ್ಕಾರ ನಕ್ಸಲ್ ನಿಗ್ರಹ ಪಡೆ ಕಟ್ಟಿತು. ಕೂಂಬಿಂಗ್ ಎಂಬ ಪದ ಮಲೆನಾಡಿನ ಮಕ್ಕಳಿಗೂ ಬಾಯಿಪಾಠವಾಯಿತು. ಹಗಲು ಪೊಲೀಸರ ವಿಚಾರಣೆ, ರಾತ್ರಿ ಕಾಡಿನಿಂದ ಬಂದವರಿಗೆ ಅನ್ನ. ಎರಡು ಕಡೆಯೂ ಗುಮಾನಿ. 2012ರಲ್ಲಿ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಒಬ್ಬ ಮಲೆಕುಡಿಯ ಯುವಕನನ್ನೂ ಅವನ ತಂದೆಯನ್ನೂ ಯುಎಪಿಎ ಕಾಯ್ದೆಯಡಿ ಹಿಡಿದರು. ಸಾಕ್ಷ್ಯವೆಂದು ತೋರಿಸಿದ್ದರಲ್ಲಿ ಪತ್ರಿಕೆಯ ತುಣುಕುಗಳು, ಭಗತ್ ಸಿಂಗ್ ಕುರಿತ ಪುಸ್ತಕ ಇದ್ದವು. ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರ ಅಕ್ಟೋಬರಿನಲ್ಲಿ. ಒಂಬತ್ತು ವರ್ಷ! ಪುಸ್ತಕ ಇಟ್ಟುಕೊಂಡದ್ದಕ್ಕೆ ಗುಮಾನಿಗೆ ಸಿಗುವ ಹುಡುಗರ ತಾಯ್ತಂದೆಯರ ಪಾಡನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೇಂದ್ರದ ಯೋಜನಾ ಆಯೋಗ ನೇಮಿಸಿದ್ದ ತಜ್ಞರ ತಂಡವೊಂದು 2008ರಲ್ಲಿ ವರದಿ ಕೊಟ್ಟಿತು. ಅಧ್ಯಕ್ಷರು ಡಿ. ಬಂದೋಪಾಧ್ಯಾಯ, ಬಂಗಾಳದಲ್ಲಿ ಗೇಣಿದಾರರ ಹೆಸರು ದಾಖಲು ಮಾಡಿಸಿದ 'ಆಪರೇಷನ್ ಬರ್ಗಾ'ದ ಅಧಿಕಾರಿ. ಭೂಮಿ, ಕಾಡಿನ ಹಕ್ಕು, ಎತ್ತಂಗಡಿ, ಕೂಲಿ, ಅವಮಾನ ಇವೇ ಬೇರುಗಳೆಂದೂ, ಇದನ್ನು ಬರೀ ಕಾನೂನು-ಸುವ್ಯವಸ್ಥೆಯ ಪ್ರಶ್ನೆಯೆಂದು ನೋಡಬಾರದೆಂದೂ ಅದು ಹೇಳಿತು. 1833ರ ವರದಿಯ ಪಕ್ಕದಲ್ಲಿಟ್ಟು ಓದಿದರೆ ಕಂಪನಿಯ ಸಾಹೇಬರೂ ಸ್ವತಂತ್ರ ಭಾರತದ ಅಧಿಕಾರಿಯೂ ಒಂದೇ ಮನೆಯ ಕತೆ ಹೇಳಿದಂತಿದೆ. ಅಷ್ಟರಲ್ಲಿ ಅರಣ್ಯ ಹಕ್ಕು ಕಾಯ್ದೆಯೂ ಬಂದಿತ್ತು. ಛತ್ತೀಸ್‌ಗಢದಲ್ಲಿ ಮಾತ್ರ ಹಳ್ಳಿಯವರ ಕೈಗೇ ಕೋವಿ ಕೊಟ್ಟು ಹಳ್ಳಿಯವರ ಮೇಲೆ ಬಿಟ್ಟ 'ಸಲ್ವಾ ಜುಡುಂ' ನಡೆದಿತ್ತು. ಆದಿವಾಸಿ ಹುಡುಗರಿಗೆ ಹೀಗೆ ಶಸ್ತ್ರ ಕೊಡುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2011ರ ಜುಲೈನಲ್ಲಿ.

ಕರ್ನಾಟಕ ಇನ್ನೊಂದು ದಾರಿಯನ್ನೂ ಕಂಡಿತು. 2014ರ ಡಿಸೆಂಬರ್‌ನಲ್ಲಿ ಸಿರಿಮನೆ ನಾಗರಾಜ್, ನೂರ್ ಜುಲ್ಫಿಕರ್ ಮುಖ್ಯವಾಹಿನಿಗೆ ಬಂದರು. ಹೆಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ನಡುವೆ ನಿಂತಿದ್ದರು. ಮೂವರೂ ಈಗಿಲ್ಲ, ಗೌರಿಯವರನ್ನು 2017ರ ಸೆಪ್ಟೆಂಬರ್ 5ರಂದು ಮನೆ ಬಾಗಿಲಲ್ಲೇ ಕೊಂದರು. 2024ರ ನವೆಂಬರ್‌ನಲ್ಲಿ ಹೆಬ್ರಿ ಬಳಿಯ ಪೀತಬೈಲಿನಲ್ಲಿ ವಿಕ್ರಮ್ ಗೌಡ ಗುಂಡಿಗೆ ಬಲಿಯಾದರು. ಎರಡು ತಿಂಗಳೊಳಗೆ, 2025ರ ಜನವರಿ 8ರಂದು, ಮುಂಡಗಾರು ಲತಾ ಸೇರಿ ಆರು ಜನ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಶರಣಾದರು. ಫೆಬ್ರವರಿ ಮೊದಲ ದಿನಗಳಲ್ಲಿ ಉಳಿದಿಬ್ಬರೂ ಬಂದರು. ರಾಜ್ಯ ನಕ್ಸಲ್‌ಮುಕ್ತವೆಂದು ಸಾರಲಾಯಿತು. ಶರಣಾದವರು ಮುಂದಿಟ್ಟ ಬೇಡಿಕೆಗಳಲ್ಲಿ ಕಾಡಿನ ಜನರ ಭೂಮಿಯ ಪ್ರಶ್ನೆ ಹಾಗೆಯೇ ಇತ್ತು.

ಇಷ್ಟನ್ನೂ ಆ ಹುಡುಗರಿಗೆ ಬೆಟ್ಟದ ಮೇಲೆ ಹೇಳಿ ಮುಗಿಸಲು ಆಗಲಿಲ್ಲ. ಇಳಿಯುವಾಗಲೂ ಹೇಳುತ್ತಲೇ ಬಂದೆವು. ಪಾವಗಡದಲ್ಲಿ ಈಗ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ಅಲ್ಲಿ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುಮಾಡಿ ಗುತ್ತಿಗೆಗೆ ಪಡೆದರು. ಜಮೀನಿದ್ದವನಿಗೆ ಬಾಡಿಗೆ ಬಂತು. ಅದೇ ಜಮೀನಿನಲ್ಲಿ ಶೇಂಗಾ ಕಿತ್ತು ಕೂಲಿ ಪಡೆಯುತ್ತಿದ್ದವನ ಹೆಸರು ಯಾವ ಕಾಗದದಲ್ಲೂ ಇಲ್ಲ. ಇನ್ನು ನಮ್ಮದೇ ಜಿಲ್ಲೆಯ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ 2022ರಲ್ಲಿ ನೋಟಿಸು ಬಂದಾಗ, ಅಲ್ಲಿನ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜೂನ್‌ನಲ್ಲಿ ಪೊಲೀಸರು ಅವರನ್ನು ಎಳೆದು ವ್ಯಾನಿಗೆ ತುಂಬಿದರು. ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನವನ್ನು ಕೈಬಿಟ್ಟೆವೆಂದರು.

ಕೆಳಗೆ ಬಂದಾಗ ಸಂಜೆಯಾಗಿತ್ತು. ಸೋಂಪುರದ ಕಡೆ ಕಾರ್ಖಾನೆಗಳ ದೀಪ ಹತ್ತಿದ್ದವು. ಟೀ ಅಂಗಡಿಯಲ್ಲಿ ನಮ್ಮ ಪರಿಚಯದ ರೈತರೊಬ್ಬರು ಸಿಕ್ಕರು. ಅವರ ಜಮೀನು ಕೈಗಾರಿಕೆಗೆ ಹೋಗಿ ವರ್ಷಗಳಾದವು. ಮಗ ಅದೇ ಜಾಗದಲ್ಲಿ ಎದ್ದ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ. ಹುಡುಗ ಅವರಿಗೂ ದಾಬಸ್‌ಪೇಟೆಯ ಕತೆ ಹೇಳಲು ಹೊರಟ. ಅವರು ಟೀ ಲೋಟ ಕೆಳಗಿಟ್ಟು, 'ಆ ಸಾಹೇಬನ ಕಾಲದ ಕಾಗದ ಏನಾದ್ರೂ ಸಿಗ್ತದಾ ಸಾಬ್ರೇ? ನಮ್ಮ ತಾತನ ಹೆಸರು ಅದರಲ್ಲಿದ್ರೆ ಪರಿಹಾರದ ಕೇಸಿಗೆ ಬೇಕಿತ್ತು' ಎಂದು ನಮ್ಮನ್ನೇ ಕೇಳಿದರು.