ಗಂಧರಾಜನ ತಪ್ಪು ವಿಳಾಸ

ಕಳೆದ ವರ್ಷ ಊರಿಂದ ಅಮ್ಮ ಕೊಟ್ಟು ಕಳಿಸಿದ ಗಂಧರಾಜದ ಗಿಡ ನಮ್ಮ ಬೆಂಗಳೂರಿನ ಬಾಲ್ಕನಿಯಲ್ಲಿ ಮೂರೇ ತಿಂಗಳಿಗೆ ಹಳದಿಯಾಯ್ತು. ಚಿಗುರೆಲೆಯೆಲ್ಲ ಹಳದಿ, ನರಗಳು ಮಾತ್ರ ಹಸಿರು. ನೀರು ಸಾಲಲಿಲ್ಲವೇನೋ ಅಂತ ಇನ್ನಷ್ಟು ಹುಯ್ದೆ. ಇದ್ದ ಮೊಗ್ಗೂ ಉದುರಿತು. ಅಜ್ಜಿ ನೆಟ್ಟಿದ್ದ ತಾಯಿಗಿಡ ಮನೆ ರಿಪೇರಿಯಲ್ಲಿ ಹೋಗಿದೆ, ಉಳಿದಿದ್ದು ಇದೊಂದೇ. ಗಾಬರಿಯಾಗಿ ಗೂಗಲಿಸುತ್ತಾ ಕೂತವನಿಗೆ ಪರಿಹಾರಕ್ಕಿಂತ ಮೊದಲು ಸಿಕ್ಕಿದ್ದು ಇತಿಹಾಸ!

ಇಂಗ್ಲಿಷಿನಲ್ಲಿ ಇದು 'ಕೇಪ್ ಜಾಸ್ಮಿನ್'. ಆದರೆ ಇದು ಕೇಪಿನದೂ ಅಲ್ಲ, ಜಾಸ್ಮಿನ್ನೂ ಅಲ್ಲ. 1750ರ ದಶಕದಲ್ಲಿ ಹಡಗಿನ ಕಪ್ತಾನನೊಬ್ಬ ಆಫ್ರಿಕದ ಕೇಪ್ ಆಫ್ ಗುಡ್ ಹೋಪ್‌ನಿಂದ ಇದನ್ನು ಇಂಗ್ಲೆಂಡಿಗೆ ತಂದು ರಿಚರ್ಡ್ ವಾರ್ನರ್ ಎಂಬಾತನಿಗೆ ಕೊಟ್ಟ. ಪೂರ್ವದಿಂದ ಬರುವ ಹಡಗುಗಳು ತಂಗುತ್ತಿದ್ದ ಜಾಗ ಅದು. ಹತ್ತಿದ ಸ್ಟಾಪನ್ನೇ ಗಿಡದ ಹುಟ್ಟೂರು ಅಂದುಕೊಂಡರು ಅಷ್ಟೆ. ನಿಜವಾದ ತವರು ಚೀನಾ ಕಡೆ. ಅಲ್ಲಿ ಶತಮಾನಗಳಿಂದ ಇದನ್ನು ಬೆಳೆಸಿ, ಒಂಟಿ ಸುತ್ತಿನ ಹೂ ಕಟ್ಟುವ ಹಣ್ಣಿನಿಂದ ಹಳದಿ ಬಣ್ಣ ತೆಗೆಯುತ್ತಿದ್ದರು. ಆ ಬಣ್ಣದ ಮೂಲ ಕ್ರೋಸಿನ್, ಕೇಸರಿಯಲ್ಲೂ ಇರುವಂಥದ್ದು (ಜ್ವರದ ಮಾತ್ರೆ ಅಲ್ಲ :)).

ಲಂಡನ್ನಿನ ಮೈಲ್ ಎಂಡ್‌ನಲ್ಲಿ ನರ್ಸರಿ ಇಟ್ಟಿದ್ದ ಜೇಮ್ಸ್ ಗೋರ್ಡನ್ ಕಡ್ಡಿ ನೆಟ್ಟು ಗಿಡ ಹೆಚ್ಚಿಸಿದ. ಹೆಸರಿಡುವ ಕೆಲಸ ಜಾನ್ ಎಲ್ಲಿಸ್‌ದು. ವಾರ್ನರ್ ಹೆಸರಿಡಲು ಹೋದರೆ ಆತ ಬೇಡವೆಂದ. ಆಗ ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿದ್ದ ಸ್ಕಾಟಿಷ್ ವೈದ್ಯ, ಗೆಳೆಯ ಅಲೆಕ್ಸಾಂಡರ್ ಗಾರ್ಡನ್ ಹೆಸರಲ್ಲಿ 'ಗಾರ್ಡೇನಿಯಾ' ಆಯ್ತು. ತೋಟದ ಹೂವಾದ್ದರಿಂದ ಆ ಹೆಸರು ಅಂತ ನಾನು ಇಷ್ಟು ದಿನ ತಿಳಿದಿದ್ದೆ! ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ದೊರೆಯ ಪಕ್ಷದಲ್ಲಿದ್ದ ಆ ಡಾಕ್ಟರು ಆಸ್ತಿ ಕಳೆದುಕೊಂಡು, ಊರು ಬಿಟ್ಟು, 1791ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಹೆಸರು ಕೊಟ್ಟವರೂ ಕೊನೆಗೆ ವಿಳಾಸ ತಪ್ಪಿದವರೇ.

ಪೂರ್ತಿ ಹೆಸರು ಗಾರ್ಡೇನಿಯಾ ಜಾಸ್ಮಿನಾಯ್ಡಿಸ್, ಅಂದರೆ ಮಲ್ಲಿಗೆಯಂಥದ್ದು. ಬಂಧುತ್ವ ಮಾತ್ರ ಬೇರೆ. ಇದು ಕಾಫಿಯ ಕುಟುಂಬಕ್ಕೆ ಸೇರಿದ್ದು. ನಮ್ಮ ಕೇಪಳವೂ ಅದೇ ಮನೆತನ. ಕೇಪಿನದಲ್ಲ, ಕೇಪಳದ ನೆಂಟ!

ಇದನ್ನು ಓದುವಾಗಲೇ ಅಮ್ಮ ಫೋನಿನಲ್ಲಿ ಅಂದಿದ್ದು ನೆನಪಾಯ್ತು: "ನಮ್ಮಲ್ಲಿ ಕಾಫಿ ಗಿಡದ ಪಕ್ಕ ಸುಮ್ನೆ ಬೆಳೀತಿತ್ತು ಕಣೋ. ನೀನು ಯಾವ ನೀರು ಹಾಕ್ತೀಯ?"

ಬೋರ್‌ವೆಲ್ ನೀರು. ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವ ಗಡಸು ನೀರು. ಗಂಧರಾಜಕ್ಕೆ ಬೇಕಾದದ್ದು ಕಾಫಿ ತೋಟದಂಥ ಹುಳಿ ಮಣ್ಣು, ಪಿಎಚ್ 5ರಿಂದ 6. ಮಣ್ಣು ಕ್ಷಾರವಾದರೆ ಅದರಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಚಿಗುರು ಹಳದಿಯಾಗುತ್ತದೆ.

ಮಣ್ಣು ಬದಲಿಸಿ ಎಲೆಗೊಬ್ಬರ ಹಾಕಿದೆ. ಮಳೆನೀರು ಹಿಡಿದಿಟ್ಟು ಹುಯ್ದೆ, ಸ್ವಲ್ಪ ಐರನ್ ಕೀಲೇಟ್ ಕೊಟ್ಟೆ. ಮೊಗ್ಗಾದಾಗ ಕುಂಡ ಅಲ್ಲಾಡಿಸಲಿಲ್ಲ. ಹೊಸ ಚಿಗುರು ಹಸಿರಾಗಿಯೇ ಬಂತು, ಈ ಜೂನಿನಲ್ಲಿ ಎರಡು ಹೂ. ಇನ್ನೂರೈವತ್ತು ವರ್ಷ ಎಲ್ಲರೂ ತಪ್ಪು ಹೆಸರು ಕರೆದರೂ, ತಾನು ಎಲ್ಲಿಯವನು ಅಂತ ಗಿಡ ಎಲೆಯಲ್ಲೇ ಬರೆದು ತೋರಿಸುತ್ತಿತ್ತು, ಓದೋಕೆ ನನಗೆ ಬರಲಿಲ್ಲ ಅಷ್ಟೆ.

ಮಳೆಗಾಲದಲ್ಲಿ ನೆಟ್ಟ ಕಡ್ಡಿಗಳಲ್ಲಿ ಒಂದು ಬೇರು ಬಿಟ್ಟಿದೆ. ಅದು ಹಬ್ಬಕ್ಕೆ ನನ್ನ ಜೊತೆ ಊರಿಗೆ ವಾಪಸ್.