ದೊಡ್ಡ ಗುಂಡೋ, ಚಿಕ್ಕ ಗುಂಡೋ? ಏರ್ ರೈಫಲ್ ಕ್ಯಾಲಿಬರಿನ ಹಿಂದಿನ ಕಥೆ

ಚೆನ್ನೈಯಲ್ಲಿರೋರು ಮರೀನಾ ಬೀಚಿನಲ್ಲಿ ನೋಡಿರ್ತೀರಿ: ಹಲಗೆ ತುಂಬ ಬಲೂನು, ಮುಂದೊಂದು ಏರ್ ಗನ್. ನಾನು ಅದನ್ನ ಮೊದಲು ಹಿಡಿದದ್ದು ಬನಶಂಕರಿ ಜಾತ್ರೆಯಲ್ಲಿ. ಆರು ಹೊಡೆತ, ಒಂದು ಬಲೂನೂ ಒಡೀಲಿಲ್ಲ. "ನಿನ್ನ ತಪ್ಪಲ್ಲೋ, ಅದರ ಗುರಿಕಣ್ಣೇ ಸೊಟ್ಟ" ಅಂತ ಸೋದರಮಾವ ಸಮಾಧಾನ ಮಾಡಿದ್ರು.

ಅದು ನೆನಪಾದದ್ದು ಪುಣೆಯ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯಿಂದ. ಐವತ್ತು ಮೀಟರ್ ದೂರಕ್ಕೆ ನಿಖರವಾಗಿ ಹೊಡೆಯೋಕೆ 0.177 ಇಂಚಿನ, ಅಂದ್ರೆ 4.5 ಎಂಎಂ ರೈಫಲ್ ತಗೊಳ್ಳಲಾ, 0.22 ಇಂಚಿನ, ಅಂದ್ರೆ 5.5 ಎಂಎಂನದು ತಗೊಳ್ಳಲಾ? "ದೊಡ್ಡದೇ ತಗೊಳ್ಳಿ, ದೂರ ಹೋಗುತ್ತೆ, ಲೈಸೆನ್ಸ್ ಗೀಸೆನ್ಸ್ ಏನೂ ಬೇಡ" ಅಂತ ಯಾರೋ ಹೇಳಿದ್ದಾರಂತೆ. ಆ ಮಾತಲ್ಲಿ ಎರಡು ತಪ್ಪಿವೆ. ಒಂದು ತಪ್ಪಿಗೆ ಗುರಿ ತಪ್ಪುತ್ತೆ, ಇನ್ನೊಂದಕ್ಕೆ ಪೊಲೀಸ್ ಸ್ಟೇಷನ್ ಹತ್ತಬೇಕಾಗುತ್ತೆ. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ, ಆಸ್ಟ್ರಿಯಾಕ್ಕೆ ಹೋಗೋಣ.

1780ರ ಹೊತ್ತಿಗೆ ಆಸ್ಟ್ರಿಯಾದ ಸೇನೆ ಬಾರ್ತೊಲೊಮಿಯೊ ಗಿರಾಂಡೋನಿ ಎಂಬ ಕುಶಲಕರ್ಮಿ ಮಾಡಿದ ಗಾಳಿ ಕೋವಿಯನ್ನ ಬಳಕೆಗೆ ತಂದಿತು. ಮದ್ದಿಲ್ಲ, ಹೊಗೆಯಿಲ್ಲ. ಕೋವಿಯ ಹಿಡಿಯೇ ಗಾಳಿ ತುಂಬಿದ ಕಬ್ಬಿಣದ ಬುಡ್ಡಿ. ಅದನ್ನ ತುಂಬೋಕೆ ಕೈಪಂಪನ್ನ ಸುಮಾರು 1,500 ಸಲ ಒತ್ತಬೇಕಿತ್ತು! ಇಪ್ಪತ್ತಕ್ಕೂ ಹೆಚ್ಚು ಗುಂಡುಗಳನ್ನ ಒಂದರ ಹಿಂದೊಂದು ಹಾರಿಸಬಹುದಿತ್ತು. ಉಳಿದ ಸೈನಿಕರು ಒಂದೊಂದೇ ಗುಂಡು ತುಂಬಿಕೊಳ್ಳುತ್ತಿದ್ದ ಕಾಲ ಅದು. ಅಮೆರಿಕದ ಪಶ್ಚಿಮಕ್ಕೆ 1804ರಲ್ಲಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಕೂಡ ಒಂದು ಗಾಳಿ ಕೋವಿ ಒಯ್ದು, ದಾರಿಯುದ್ದಕ್ಕೂ ಮೂಲನಿವಾಸಿಗಳ ಮುಂದೆ ಅದರ ಪ್ರದರ್ಶನ ಮಾಡಿತು. ಅದೂ ಗಿರಾಂಡೋನಿ ಮಾದರಿಯದೇ ಅನ್ನೋದು ಇತಿಹಾಸಕಾರರ ಬಲವಾದ ಅಭಿಪ್ರಾಯ.

ನಮಗೆ ಬೇಕಾದದ್ದು ಅದರ ಗುಂಡಿನ ಅಳತೆ. ಅಡ್ಡಳತೆ ಸುಮಾರು 0.46 ಇಂಚು. ಆ ಅಳತೆಯ ಸೀಸದ ಗೋಲಿ ಒಂಬತ್ತೂವರೆ ಗ್ರಾಮ್ ತೂಗುತ್ತೆ. ಇವತ್ತಿನ 4.5 ಎಂಎಂನ ಮಾಮೂಲಿ ಪೆಲೆಟ್ ಅರ್ಧ ಗ್ರಾಮಿನ ಆಸುಪಾಸು. ಅಷ್ಟು ಭಾರದ ಗುಂಡನ್ನ ತಳ್ಳೋಕೆ ಬುಡ್ಡಿಯಲ್ಲಿ ಬೇಕಾದಷ್ಟು ಗಾಳಿ ಇತ್ತು, ಹಾಗಾಗಿ ದೊಡ್ಡ ಗುಂಡು. ಶಕ್ತಿಯ ಬಜೆಟ್ ಎಷ್ಟು ಅನ್ನೋದು ಮೊದಲು, ಗುಂಡಿನ ತೂಕ ಆಮೇಲೆ.

ಮುಂದೆ ಬುಡ್ಡಿ ಹೋಗಿ ಸ್ಪ್ರಿಂಗ್ ಬಂತು. 1905ರಲ್ಲಿ ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ ಲಿಂಕನ್ ಜೆಫ್ರೀಸ್ ವಿನ್ಯಾಸದ ಏರ್ ರೈಫಲ್ ತಯಾರಿಸತೊಡಗಿತು. ಸ್ಪ್ರಿಂಗ್ ಕೊಡೋ ಗಾಳಿ ಒಂದು ಗುಟುಕಷ್ಟೇ. ಅದಕ್ಕೆ ಒಂಬತ್ತು ಗ್ರಾಮಿನ ಗೋಲಿ ಜಗ್ಗಲ್ಲ. ಹಾಗಾಗಿ ಬ್ರಿಟಿಷರು 4.5 ಎಂಎಂಗೆ ಒಂದನೇ ನಂಬರ್ ಬೋರ್, 5.5ಕ್ಕೆ ಎರಡನೇ ನಂಬರ್, 0.25 ಇಂಚಿಗೆ ಮೂರನೇ ನಂಬರ್ ಅಂತ ಕರೆದು ಸಣ್ಣ ಅಳತೆಗಳಲ್ಲೇ ನಿಂತರು. ಗೋಲಿಯೂ ಆಕಾರ ಬದಲಿಸಿತು. ನಡು ಸಣ್ಣ, ಹಿಂಭಾಗ ಟೊಳ್ಳು, ಥೇಟ್ ನಮ್ಮ ಬುಡಬುಡಿಕೆ! ಅವರು ಅದನ್ನ ಡಯಾಬೊಲೊ ಅಂದರು. ಹಿಂದಿನ ಟೊಳ್ಳು ಅಂಚು ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ ಅಂಟಿಕೊಂಡು ಗಾಳಿ ಸೋರದ ಹಾಗೆ ತಡೆಯುತ್ತೆ. ಹೊರಗೆ ಬಂದ ಮೇಲೆ ಬ್ಯಾಡ್ಮಿಂಟನ್ ಶಟಲ್ ಥರ ಹಿಂಭಾಗವನ್ನ ಗಾಳಿ ಹಿಡಿದೆಳೆದು, ಮೂತಿ ಮುಂದಕ್ಕೇ ಇರುತ್ತೆ.

ಈಗ ಅಸಲಿ ಜಗಳ. 1969ರ ನಿಯಮಗಳಲ್ಲಿ ಬ್ರಿಟನ್ ಲೈಸೆನ್ಸಿಲ್ಲದ ಏರ್ ರೈಫಲ್‌ಗೆ 12 ಫುಟ್ ಪೌಂಡ್, ಅಂದ್ರೆ ಸುಮಾರು 16 ಜೂಲ್ ಮಿತಿ ಹಾಕಿತು. 1980ರ ಹೊತ್ತಿಗೆ ಅಲ್ಲೇ ಫೀಲ್ಡ್ ಟಾರ್ಗೆಟ್ ಎಂಬ ಸ್ಪರ್ಧೆ ಶುರುವಾಯ್ತು. 8ರಿಂದ 55 ಗಜ ದೂರದೊಳಗೆ ಎಲ್ಲೆಲ್ಲೋ ಇಟ್ಟ ಗುರಿಗಳು. ದೂರ ಎಷ್ಟು ಅಂತ ಯಾರೂ ಹೇಳಲ್ಲ, ನೀವೇ ಅಂದಾಜು ಮಾಡಬೇಕು. ಲೆಕ್ಕ ನೋಡಿ. ಅದೇ ಶಕ್ತಿಯಲ್ಲಿ 4.5 ಎಂಎಂನ 0.55 ಗ್ರಾಮ್ ಪೆಲೆಟ್ ಸೆಕೆಂಡಿಗೆ ಸುಮಾರು 244 ಮೀಟರ್ ವೇಗದಲ್ಲಿ ಹೊರಡುತ್ತೆ. 5.5ರ ಒಂದು ಗ್ರಾಮಿನದ್ದು 178ರಲ್ಲಿ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೂ 45 ಮೀಟರ್ ತಲುಪೋ ಹೊತ್ತಿಗೆ ಮೊದಲನೆಯದು 17 ಸೆಂಟಿಮೀಟರ್ ಕೆಳಗಿಳಿದಿರುತ್ತೆ, ಎರಡನೆಯದು 31. ಹೆಚ್ಚು ಇಳಿಯೋ ಪೆಲೆಟ್‌ನಲ್ಲಿ ದೂರದ ಅಂದಾಜು ಒಂದೆರಡು ಮೀಟರ್ ತಪ್ಪಿದ್ರೂ ಏಟು ಹೋಯ್ತು. ಹೀಗಾಗಿ ಆ ಆಟವನ್ನ 4.5 ಎಂಎಂ ಗೆದ್ದುಕೊಂಡಿತು. ದೊಡ್ಡದು ದೂರ ಹೋಗುತ್ತೆ ಅನ್ನೋದು ಶಕ್ತಿಗೆ ಮಿತಿ ಇಲ್ಲದಲ್ಲಿ ಮಾತ್ರ ನಿಜ. ಅಮೆರಿಕದಲ್ಲಿ 100 ಗಜದ ಸ್ಪರ್ಧೆಗೆ 0.30 ಇಂಚಿನ, 2.9 ಗ್ರಾಮಿನ ಪೆಲೆಟ್ ಬಳಸ್ತಾರೆ. ಆದರೆ ಅದಕ್ಕೆ ಅವರು ಖರ್ಚು ಮಾಡೋದು ನೂರು ಜೂಲ್. ಗಿರಾಂಡೋನಿಯ ಬುಡ್ಡಿ ಅಲ್ಲಿ ಹೊಸ ಸಿಲಿಂಡರ್ ಆಗಿ ವಾಪಸ್ ಬಂದಿದೆ.

ಹಾಗಾದ್ರೆ ತೀರಾ ಹಗುರದ ಪೆಲೆಟ್ ಹಾಕಿ ಇನ್ನೂ ವೇಗ ಹೆಚ್ಚಿಸಬಹುದಲ್ವಾ? ಜಾಹೀರಾತಿನವರು ಮಾಡೋದು ಇದನ್ನೇ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದರ ಹತ್ತಿರ ಹೋದಾಗ ಬುಡಬುಡಿಕೆ ಆಕಾರದ ಪೆಲೆಟ್ ತೊನೆದಾಡಿ ದಾರಿ ತಪ್ಪುತ್ತೆ. ಪೆಟ್ಟಿಗೆ ಮೇಲಿನ ದೊಡ್ಡ ಸಂಖ್ಯೆ ನೋಡಿ ಮರುಳಾಗಬೇಡಿ.

ಇನ್ನು ನಮ್ಮ ದೇಶ. 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್ ದಾಟಿದರೂ ಲೈಸೆನ್ಸ್ ಬೇಕು, 4.5 ಎಂಎಂ ದಾಟಿದರೂ ಬೇಕು. ಪುಣೆಯ ಗೆಳೆಯರೇ, ಲೈಸೆನ್ಸ್ ಇಲ್ಲದ 5.5 ಎಂಎಂ ರೈಫಲ್ ನಿಮಗೆ ಬೇಡವೇ ಬೇಡ. ಅದರಿಂದ ನಷ್ಟವೂ ಇಲ್ಲ. 20 ಜೂಲಿನೊಳಗೆ 4.5 ಎಂಎಂನ ಸ್ವಲ್ಪ ಭಾರದ, 0.67 ಗ್ರಾಮಿನ ಪೆಲೆಟ್ ಹಾಕಿದ್ರೆ ವೇಗ ಹೆಚ್ಚೆಂದರೆ 244 ಮೀಟರ್ ಬರುತ್ತೆ. ಇಂಗ್ಲೆಂಡಿನವರಿಗೆ ಸಿಕ್ಕ ಅದೇ ವೇಗ, ಗಾಳಿಗೆ ಬಗ್ಗದ ತೂಕ ಮಾತ್ರ ಜಾಸ್ತಿ. ರೈಫಲಿನ ಶಕ್ತಿ ಕಡಿಮೆಯಿದ್ರೆ 0.55ರ ಹತ್ತಿರ ಇಳಿಯಿರಿ. ಮೂತಿ ಗುಂಡಗಿರಲಿ. ಚಪ್ಪಟೆ ಮೂತಿಯದ್ದು ಹತ್ತು ಮೀಟರಿನ ಕಾಗದದ ಗುರಿಗೆ, ಯಾಕಂದ್ರೆ ಅದು ದುಂಡಗೆ ತೂತು ಕೊರೆದು ಅಂಕ ಎಣಿಸೋಕೆ ಸುಲಭ ಮಾಡುತ್ತೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಹೈದರಾಬಾದಿನ ಗಗನ್ ನಾರಂಗ್ ಕಂಚು ಗೆದ್ದದ್ದು ಆ ಹತ್ತು ಮೀಟರಿನಲ್ಲೇ, ಇದೇ 4.5 ಎಂಎಂನಲ್ಲೇ. ಆ ಗುರಿಯ ನಟ್ಟನಡುವಿನ ಚುಕ್ಕಿ ಅರ್ಧ ಮಿಲಿಮೀಟರ್!

ಒಂದೇ ತೂಕದ ಎರಡು ಮೂರು ಬಗೆಯ ಪೆಲೆಟ್ ಡಬ್ಬಿ ತಂದು, ಹತ್ತಿರದ ರೇಂಜಿನಲ್ಲಿ ಪ್ರತಿಯೊಂದರಿಂದ ಹತ್ತತ್ತು ಹೊಡೆದು ನೋಡಿ. ಪ್ರತಿ ನಳಿಗೆಗೂ ಅದರದೇ ರುಚಿ ಇರುತ್ತೆ, ಹೊಡೆದು ನೋಡದೆ ಗೊತ್ತಾಗಲ್ಲ. ಪುಣೆಯಲ್ಲಿದ್ದೀರಿ, ಬಾಲೇವಾಡಿಯ ಶೂಟಿಂಗ್ ರೇಂಜ್ ನಿಮ್ಮೂರಲ್ಲೇ ಇದೆ. ಪಾರಿವಾಳದ ಮೇಲೆ ಮಾತ್ರ ಪ್ರಯೋಗ ಬೇಡ.