ಅಣುವಿನ ಅಳತೆ

ಅಣು ಎಂಬ ಪದಕ್ಕೆ ಕನ್ನಡದಲ್ಲಿ ಬಿಡುವೇ ಇಲ್ಲ. ‘ಅಣುವಷ್ಟೂ ಅನುಮಾನವಿಲ್ಲ’ ಎನ್ನುವಾಗ ಅದು ತೀರಾ ಚಿಕ್ಕದ್ದು. ‘ಅಣುರೇಣು ತೃಣಕಾಷ್ಠ’ ಎಂದು ದೇವರ ವ್ಯಾಪ್ತಿ ಹೇಳುವಾಗ ಅದೇ ಮೊದಲ ಮೆಟ್ಟಿಲು. ಶಾಲೆಯ ಪಠ್ಯದಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಪರಮಾಣು ಸೇರಿದರೆ ನೀರಿನ ಒಂದು ಅಣು. ಪತ್ರಿಕೆಗಳಲ್ಲಿ ಅದು ಬಾಂಬಿಗೂ ಕೈಗಾದ ವಿದ್ಯುತ್ ಸ್ಥಾವರಕ್ಕೂ ಅಂಟಿಕೊಂಡಿದೆ.

ಪದ ಹಳೆಯದು. ವೈಶೇಷಿಕ ದರ್ಶನದ ಪ್ರಾಚೀನ ಚಿಂತಕರು ಒಡೆಯಲಾಗದ ಕಣವನ್ನು ಪರಮಾಣು ಎಂದರು. ಎರಡು ಸೇರಿದರೆ ದ್ವ್ಯಣುಕ, ಅಂಥ ಮೂರು ಕೂಡಿದರೆ ತ್ರ್ಯಣುಕ. ಬಿಸಿಲುಕೋಲಿನಲ್ಲಿ ತೇಲಾಡುವ ದೂಳಿನ ಕಣವೇ ಈ ತ್ರ್ಯಣುಕ. ಅಂದರೆ ಅದರಲ್ಲಿರುವುದು ಆರೇ ಪರಮಾಣು! ಇಂದಿನ ಲೆಕ್ಕದಲ್ಲಿ, ಮಿಲಿಮೀಟರಿನ ನೂರನೇ ಒಂದು ಪಾಲು ಅಗಲದ ಮಣ್ಣಿನ ಕಣದಲ್ಲೂ ಹತ್ತಾರು ಲಕ್ಷ ಕೋಟಿ ಪರಮಾಣುಗಳಿರುತ್ತವೆ. ಲೆಕ್ಕ ತಪ್ಪಿದ್ದರೂ, ಕಾಣುವುದೆಲ್ಲ ಕಾಣದ್ದರಿಂದ ಕಟ್ಟಿದ್ದು ಎಂಬ ಆ ಊಹೆ ನಿಜಕ್ಕೂ ದೊಡ್ಡದು.

ಹೈಡ್ರೋಜನ್ ಪರಮಾಣುಗಳನ್ನು ಸಾಲಾಗಿ ಇಡುತ್ತ ಹೋದರೆ ಒಂದು ಮಿಲಿಮೀಟರ್ ತುಂಬಲು ಸುಮಾರು ಒಂದು ಕೋಟಿ ಬೇಕು. ಈ ಗಾತ್ರವೆಲ್ಲ ಎಲೆಕ್ಟ್ರಾನಿನ ಓಡಾಟದ್ದು. ತೂಕ ಇರುವುದು ಬೇರೆ ಕಡೆ. ಪರಮಾಣುವಿನ ನಡುವೆ ಪುಟ್ಟ ನ್ಯೂಕ್ಲಿಯಸ್ ಇದೆಯೆಂದು 1911ರಲ್ಲಿ ಮ್ಯಾಂಚೆಸ್ಟರಿನಲ್ಲಿದ್ದ ರುದರ್‌ಫೋರ್ಡ್ ತೋರಿಸಿಕೊಟ್ಟರು. ಹೈಡ್ರೋಜನ್ ಪರಮಾಣುವನ್ನು ಒಂದು ಕಿಲೋಮೀಟರ್ ಅಗಲದ ಕೆರೆಯಷ್ಟು ಹಿಗ್ಗಿಸಿದರೂ ಅದರ ನ್ಯೂಕ್ಲಿಯಸ್ ಆಗಿರುವ ಪ್ರೋಟಾನ್ ಹುಡುಗರಾಡುವ ಗೋಲಿಯಷ್ಟೇ. ಆದರೆ ಆ ಪ್ರೋಟಾನ್ ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರ. ಪರಮಾಣುವಿನ ತೂಕದಲ್ಲಿ ಶೇ 99.9ಕ್ಕೂ ಹೆಚ್ಚು ಅದರದೇ.

ಇಷ್ಟು ತಿಳಿದ ಮೇಲೆ ‘ಅಣುಶಕ್ತಿ’ ಎಂಬ ಪದ ಸ್ವಲ್ಪ ಚುಚ್ಚುತ್ತದೆ.

ಅಣುಗಳು ಬಿಡಿಸಿಕೊಂಡು ಹೊಸದಾಗಿ ಜೋಡಿಯಾಗುವಾಗ ಹೊಮ್ಮುವುದು ಒಲೆಯಲ್ಲಿ ಉರಿಯುವ ಸೌದೆಯ ಶಾಖ. ಕೈಗಾದಲ್ಲಿ ಒಡೆಯುವುದು ಯುರೇನಿಯಂನ ನ್ಯೂಕ್ಲಿಯಸ್. ಹಿರೋಶಿಮಾದಲ್ಲಿ 1945ರಲ್ಲಿ ಒಡೆದದ್ದೂ ಅದೇ. ಅಲ್ಲಿ ಶಕ್ತಿಯಾಗಿ ಬದಲಾದ ದ್ರವ್ಯ ಒಂದು ಗ್ರಾಮಿಗೂ ಕಡಿಮೆ. ‘ಬೈಜಿಕ’ ಎಂಬ ಪದ ಇದಕ್ಕೆ ಹೆಚ್ಚು ಹೊಂದುತ್ತದೆ, ವಿಜ್ಞಾನ ಬರಹಗಳಲ್ಲಿ ಬಳಕೆಯಲ್ಲೂ ಇದೆ. ಜನರ ಬಾಯಲ್ಲಿ ಕೂತ ಅಣುಬಾಂಬನ್ನು ಕೀಳಬೇಕಾಗಿಲ್ಲ. ತರಗತಿಯಲ್ಲಿ ಮಾತ್ರ ಈ ವ್ಯತ್ಯಾಸ ಹೇಳಲೇಬೇಕು. ನೀರಿನ ಅಣುವನ್ನೂ ಅಣು ಸ್ಥಾವರವನ್ನೂ ಒಂದೇ ವಾರದಲ್ಲಿ ಓದುವ ಮಗುವಿಗೆ, ಎರಡೂ ಕಡೆ ಒಡೆಯುವುದು ಒಂದೇ ಎಂದು ಅನ್ನಿಸುವುದು ಸಹಜ.